ಅರ್ಧ ರೊಟ್ಟಿಯ ಲೆಕ್ಕ

ಯಲಬುರ್ಗಾ ತಾಲ್ಲೂಕಿನ ನಮ್ಮ ದೊಡ್ಡವ್ವನ ಮನೆಯಲ್ಲಿ ಉಣ್ಣುವವರು ಒಲೆಗೆ ಹತ್ತಿರವೇ ಕೂರಬೇಕು. ಕುದಿನೀರು ಹೊಯ್ದು ನಾದಿದ ಜೋಳದ ಹಿಟ್ಟನ್ನು ಆಕೆ ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿಯಲು ಶುರುಮಾಡಿದರೆ ರೊಟ್ಟಿ ಅಂಗೈ ಕೆಳಗೆ ತಾನೇ ತಿರುಗುತ್ತಾ ಅಗಲವಾಗುತ್ತದೆ. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ, ತಿರುವಿ ಹಾಕಿ, ಕೊನೆಗೆ ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬುತ್ತದೆ. ಉಬ್ಬಿದ್ದು ನೇರ ತಾಟಿಗೆ. ಅದು ತಾಟಿಗೆ ಬಿದ್ದ ಮೇಲೆ ಮುಂದಿನದಕ್ಕೆ ಎರಡು ಮೂರು ನಿಮಿಷ ಕಾಯಬೇಕು. ಜತೆಗೆ ಕೂತವರು ಇಬ್ಬರು ಮೂವರಿದ್ದರೆ ಸರದಿ ಇನ್ನೂ ತಡ. ಅಷ್ಟರಲ್ಲಿ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಒಂದು ಮಾತು, ಒಂದು ಗುಟುಕು ನೀರು.

ಎರಡು ರೊಟ್ಟಿ ಆದ ಮೇಲೆ ನಾನು ‘ಅರ್ಧ ಸಾಕು ದೊಡ್ಡವ್ವ’ ಅನ್ನುತ್ತಿದ್ದೆ. ‘ಇನ್ನರ್ಧ ಯಾರಿಗಿ ಹಾಕ್ಲಿ? ಪೂರ್ತಿ ತಗೋ ಯಪ್ಪಾ’ ಅನ್ನುತ್ತಿದ್ದಳು. ಅರ್ಧ ಕೇಳಿದವನ ತಾಟಿಗೆ ಪೂರ್ತಿ ಬೀಳುವುದು ನಮ್ಮ ಕಡೆಯ ಮರ್ಯಾದೆ. ಆದರೆ ಉಣ್ಣುವವನಿಗೂ ನೀಡುವವಳಿಗೂ ಒಂದು ವಿಷಯ ಖಚಿತವಾಗಿ ಗೊತ್ತಿರುತ್ತಿತ್ತು: ಇವತ್ತು ಮೂರು ರೊಟ್ಟಿ. ನಿನ್ನೆ ಎರಡೇ ಉಂಡಿದ್ದರೆ ‘ಯಾಕ, ಮೈಯಾಗ ಆರಾಮಿಲ್ಲೇನು’ ಎಂಬ ಪ್ರಶ್ನೆ ಬರುತ್ತಿತ್ತು.

ಕೆಲಸಕ್ಕೆಂದು ಗಂಗಾವತಿಗೆ ಬಂದ ಮೇಲೆ ಈ ಲೆಕ್ಕ ತಪ್ಪಿತು. ಇಲ್ಲಿ ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಬಿಸಿ ಅನ್ನ ತಾಟಿಗೆ ಒಮ್ಮೆಲೇ ಬಂದು ಕೂಡುತ್ತದೆ, ಮೇಲೆ ಸಾರು. ಎಷ್ಟು ಉಂಡೆ ಎಂದು ಯಾರಾದರೂ ಕೇಳಿದರೆ ‘ಎರಡು ಸಲ ಹಾಕಿಸಿಕೊಂಡೆ’ ಎನ್ನಬಹುದೇ ಹೊರತು ಇಷ್ಟು ಎಂದು ಹೇಳಲು ಬರುವುದಿಲ್ಲ. ಎರಡನೇ ಸಲ ಹಾಕಿಸಿಕೊಂಡಾಗ ಸಾರು ಉಳಿಯಿತೆಂದು ಇನ್ನಷ್ಟು ಅನ್ನ, ಅನ್ನ ಉಳಿಯಿತೆಂದು ಇನ್ನಷ್ಟು ಸಾರು, ಆಮೇಲೆ ಮಜ್ಜಿಗೆಗೆಂದು ಒಂದು ಹಿಡಿ. ನಾಲ್ಕೈದು ವರ್ಷಗಳಲ್ಲಿ ನನ್ನ ಪ್ಯಾಂಟಿನ ಸೊಂಟ ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು. ಹಸಿವು ಹೆಚ್ಚಾಗಿದ್ದಕ್ಕೆ ಹೀಗಾಯಿತೇ ಎಂದು ಆಗ ಯೋಚಿಸುತ್ತಿದ್ದೆ. ಹಸಿವು ಹೆಚ್ಚಾಗಿರಲಿಲ್ಲ, ತಾಟಿನಲ್ಲಿದ್ದ ಅಳತೆ ಕಾಣೆಯಾಗಿತ್ತು ಎಂಬುದು ತಡವಾಗಿ ತಿಳಿಯಿತು.

ಕೊಪ್ಪಳ ಜಿಲ್ಲೆಯಲ್ಲಿ ಈ ಎರಡೂ ಬಗೆಯ ಊಟ ಒಂದೇ ದಿನದ ಬಸ್ ಪ್ರಯಾಣದ ಒಳಗೆ ಸಿಗುತ್ತವೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಎಡದಂಡೆಯ ಗಂಗಾವತಿ, ಕಾರಟಗಿ ಭಾಗ ಭತ್ತದ ಕಣಜವಾಯಿತು. ಸೋನಾ ಮಸೂರಿ ಮೂಟೆಗಳೂ ರೈಸ್ ಮಿಲ್ಲುಗಳ ಚಿಮಣಿಗಳೂ ಆ ಊರುಗಳ ಗುರುತಾದವು. ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆಯನ್ನೇ ನೆಚ್ಚಿ ಜೋಳ, ಸಜ್ಜೆ, ಹೆಸರು, ಶೇಂಗಾ ಬೆಳೆಯುತ್ತ ಬಂದವು. ಅಲ್ಲಿಯೂ ಈಗ ಒಲೆಯ ಮೇಲೆ ಅನ್ನದ ಪಾತ್ರೆಗೆ ದಿನಾ ಜಾಗವಿದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಪಡಿತರದ ಅಕ್ಕಿ ಕೂಲಿ ಮಾಡುವ ಮನೆಗಳ ಹಸಿವನ್ನು ನಿಜವಾಗಿಯೂ ತಡೆದಿದೆ. ಅದನ್ನು ಹಗುರವಾಗಿ ಮಾತಾಡುವ ಹಕ್ಕು ಹೊಟ್ಟೆ ತುಂಬಿದ ನನ್ನಂಥವರಿಗೆ ಇಲ್ಲ. ಆದರೆ ಹಬ್ಬಕ್ಕೋ ಬೀಗರು ಬಂದಾಗಲೋ ಕಾಣುತ್ತಿದ್ದ ಅನ್ನ ದಿನದ ಊಟವಾದಾಗ ಬರೀ ಧಾನ್ಯ ಬದಲಾಗಲಿಲ್ಲ, ಉಣ್ಣುವ ಕ್ರಮವೇ ಬದಲಾಯಿತು. ಅಕ್ಕಿ ತಿಂದವ ಹಕ್ಕಿಯಂಗ, ಜೋಳ ತಿಂದವ ತೋಳದಂಗ ಎಂಬ ಗಾದೆ ಕೇಳಿಕೊಂಡೇ ನಾವು ದೊಡ್ಡವರಾದೆವು. ಗಾದೆ ಹೇಳುವುದು ಶಕ್ತಿಯ ಮಾತು. ನನಗೆ ಈಗ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ: ರೊಟ್ಟಿಗೆ ಎಣಿಕೆ ಇದೆ, ಅನ್ನಕ್ಕಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ, ಸಜ್ಜೆಯಲ್ಲಿ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕ್ಯಾಲರಿಯಲ್ಲಿ ಮೂರಕ್ಕೂ ಅಂಥ ಅಂತರವಿಲ್ಲ. ಅಂದರೆ ರೊಟ್ಟಿ ಉಂಡವನ ಹೊಟ್ಟೆ ಬೇಗ ತುಂಬುವುದಕ್ಕೆ ಕಾರಣ ಅದರಲ್ಲಿ ‘ಶಕ್ತಿ’ ಹೆಚ್ಚಿರುವುದಲ್ಲ. ನಾರು ಹೆಚ್ಚಿದೆ, ಅಗಿಯಬೇಕು, ಕಾಯಬೇಕು. ಈ ಕಾಯುವುದರ ಬೆಲೆ ತಿಳಿಯಬೇಕಾದರೆ ಹೊಟ್ಟೆ ‘ಸಾಕು’ ಅನ್ನುವುದು ಹೇಗೆ ಎಂದು ನೋಡಬೇಕು.

ಹಸಿದ ಹೊಟ್ಟೆ ಮುಷ್ಟಿಯಷ್ಟು ಸಣ್ಣದಾಗಿ ಮುದುಡಿರುತ್ತದೆ, ಉಂಡಾಗ ಒಂದು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಊಟದ ಹೊತ್ತು ಹತ್ತಿರ ಬಂದಾಗ ಜಠರದಿಂದ ಘ್ರೆಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ತುತ್ತು ಇಳಿದಂತೆ ಜಠರದ ಗೋಡೆ ಹಿಗ್ಗುತ್ತದೆ, ಆ ಹಿಗ್ಗನ್ನು ವೇಗಸ್ ಎಂಬ ನರ ಮಿದುಳಿಗೆ ಹೇಳುತ್ತದೆ. ಇಷ್ಟು ಬೇಗ ಆಗುತ್ತದೆ. ಮುಂದಿನದು ನಿಧಾನ. ಅನ್ನ, ಕಾಳು, ಎಣ್ಣೆ ಜಠರ ದಾಟಿ ಸಣ್ಣಕರುಳಿಗೆ ಬಂದ ಮೇಲೆಯೇ ಅಲ್ಲಿಂದ ಇನ್ನೊಂದಿಷ್ಟು ಹಾರ್ಮೋನುಗಳು ಹೊರಡುತ್ತವೆ. ಈಗ ನಗರಗಳಲ್ಲಿ ತೂಕ ಇಳಿಸಲು ಕೊಡುವ ಇಂಜೆಕ್ಷನ್ನುಗಳು ಅನುಕರಿಸುವುದು ಇವುಗಳಲ್ಲಿ ಒಂದನ್ನು, ಜಿಎಲ್‌ಪಿ-1 ಎಂಬುದನ್ನು. ಈ ಎರಡನೇ ಸುದ್ದಿ ಪೂರ್ತಿಯಾಗಿ ಮಿದುಳಿಗೆ ತಲುಪಲು 15-20 ನಿಮಿಷ ಬೇಕು. ಹತ್ತೇ ನಿಮಿಷದಲ್ಲಿ ಊಟ ಮುಗಿಸಿದವನಿಗೆ ‘ಸಾಕು’ ಎಂಬ ಮಾತು ಕೈ ತೊಳೆದ ಮೇಲೆ ಕೇಳಿಸುತ್ತದೆ.

ದೊಡ್ಡವ್ವನ ಹಂಚು ಆ 20 ನಿಮಿಷವನ್ನು ತಾನಾಗಿ ಕೊಡುತ್ತಿತ್ತು. ಮೂರು ರೊಟ್ಟಿ ಬೇಯುವ ಹೊತ್ತಿಗೆ ಹೊಟ್ಟೆಯ ಸುದ್ದಿ ತಲೆಗೆ ಮುಟ್ಟಿರುತ್ತಿತ್ತು. ಬಿಸಿರೊಟ್ಟಿಯ ಊಟಕ್ಕೆ ಒಂದು ಗತಿಯಿದೆ, ಅದನ್ನು ಉಣ್ಣುವವನ ಆತುರವಲ್ಲ, ಒಲೆಯ ಉರಿ ನಡೆಸುತ್ತದೆ. ಬುಟ್ಟಿಯಲ್ಲಿ ಪೇರಿಸಿಟ್ಟ ಕಡಕ್ ರೊಟ್ಟಿಯಾದರೆ ಕಾಯುವುದಿಲ್ಲ, ಆದರೆ ಹಲ್ಲಿಗೆ ಕೆಲಸ ಹೆಚ್ಚು. ಗಟ್ಟಿ ಆಹಾರ ಕೊಟ್ಟಾಗ ಜನ ನಿಧಾನವಾಗಿ, ಕಡಿಮೆ ಉಣ್ಣುತ್ತಾರೆ ಎಂಬುದನ್ನು ಈಚಿನ ವರ್ಷಗಳಲ್ಲಿ ಹಲವು ಪ್ರಯೋಗಗಳು ತೋರಿಸಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ, 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 20 ಜನರನ್ನು 28 ದಿನ ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪಾಕೀಟಿನ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಎಷ್ಟು ಬೇಕಾದರೂ ಉಣ್ಣಬಹುದಿತ್ತು. ಪಾಕೀಟಿನ ಆಹಾರ ಕೊಟ್ಟಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ತೂಕವೂ ಏರಿತು.

ಈಗ ತಾಟಿನ ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸರಳವಾದದ್ದು. ಒಂದೇ ಮ್ಯಾಕರೋನಿ ಅಡುಗೆಯನ್ನು ಒಂದೊಂದು ದಿನ ಒಂದೊಂದು ಅಳತೆಯಲ್ಲಿ ಬಡಿಸಿದರು: 500, 625, 750, 1000 ಗ್ರಾಂ. ಅತಿ ದೊಡ್ಡ ಪಾಲು ಸಿಕ್ಕ ದಿನ ಜನ ಅತಿ ಸಣ್ಣ ಪಾಲಿನ ದಿನಕ್ಕಿಂತ ಶೇ 30ರಷ್ಟು ಹೆಚ್ಚು ಉಂಡರು. ಊಟವಾದ ಮೇಲೆ ಹಸಿವು ಎಷ್ಟು, ತೃಪ್ತಿ ಎಷ್ಟು ಎಂದು ಕೇಳಿದರೆ ಎರಡೂ ದಿನದ ಉತ್ತರ ಹೆಚ್ಚುಕಡಿಮೆ ಒಂದೇ. ಹೊಟ್ಟೆ ಹೆಚ್ಚಿಗೆ ತುಂಬಿದ್ದು ಅವರ ಅರಿವಿಗೇ ಬಂದಿರಲಿಲ್ಲ. ಇಂಥ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಬಂತು. ಪಾಲು, ಪಾಕೀಟು, ತಟ್ಟೆ ದೊಡ್ಡದಾದರೆ ತಿನ್ನುವುದೂ ಹೆಚ್ಚುತ್ತದೆ ಎಂಬುದೇ ಅದರ ತೀರ್ಮಾನ.

ಈ ವಿಷಯದಲ್ಲಿ ಬಹಳ ಹೆಸರು ಮಾಡಿದ್ದವರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯನ್ ವಾನ್ಸಿಂಕ್. ಅವರ ಹಲವು ಪ್ರಬಂಧಗಳಲ್ಲಿ ದತ್ತಾಂಶದ ಲೋಪಗಳು ಹೊರಬಿದ್ದು, 2018ರಲ್ಲಿ ಒಂದೇ ಸಲ ಆರು ಪ್ರಬಂಧಗಳನ್ನು ವೈದ್ಯಕೀಯ ನಿಯತಕಾಲಿಕಗಳು ಹಿಂತೆಗೆದವು. ಅವರು ಹುದ್ದೆ ಬಿಡಬೇಕಾಯಿತು. ‘ಸಣ್ಣ ತಟ್ಟೆ ಕೊಂಡರೆ ಬೊಜ್ಜು ಕರಗುತ್ತದೆ’ ಎಂಬಂಥ ಸಲಹೆಗಳನ್ನು ನಮ್ಮ ಪತ್ರಿಕೆಗಳೂ ಎಷ್ಟೋ ವರ್ಷ ಅಚ್ಚುಹಾಕಿದ್ದವು. ಆದ್ದರಿಂದ ನಾನು ಆ ಮಾತನ್ನು ಹೇಳುವುದಿಲ್ಲ. ಮುಂದಿಟ್ಟ ಪಾಲಿನ ಗಾತ್ರ ತಿನ್ನುವುದನ್ನು ಹೆಚ್ಚಿಸುತ್ತದೆ ಎಂಬ ಮೂಲ ಸಂಗತಿ ಮಾತ್ರ ಅವರ ಪ್ರಬಂಧಗಳನ್ನು ಬಿಟ್ಟರೂ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನೊಂದು ಪ್ರಯೋಗ ನನ್ನನ್ನು ಬಹಳ ದಿನ ಕಾಡಿತು. ಪಾಲ್ ರೋಜಿನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ್ದು. ಮಿದುಳಿಗೆ ಹಾನಿಯಾಗಿ ಈಗಷ್ಟೇ ಆದದ್ದೂ ನೆನಪಿನಲ್ಲಿ ನಿಲ್ಲದ ಇಬ್ಬರಿಗೆ ಮಧ್ಯಾಹ್ನದ ಊಟ ಕೊಟ್ಟರು. ಉಂಡು ಮುಗಿಸಿದ ಹತ್ತರಿಂದ ಮೂವತ್ತು ನಿಮಿಷದೊಳಗೆ ‘ಊಟ ಬಂತು’ ಎಂದು ಇನ್ನೊಂದು ತಟ್ಟೆ ಮುಂದಿಟ್ಟರು. ಇಬ್ಬರೂ ಮತ್ತೆ ಉಂಡರು. ಮೂರನೆಯದನ್ನೂ ಬಹುತೇಕ ಶುರುಮಾಡುತ್ತಿದ್ದರು. ಹೊಟ್ಟೆ ತುಂಬಿತ್ತು, ಉಂಡ ನೆನಪು ಇರಲಿಲ್ಲ. ‘ಸಾಕು’ ಎಂಬುದು ಹೊಟ್ಟೆಯೊಂದರ ಮಾತಲ್ಲ, ಅದರಲ್ಲಿ ನೆನಪಿನ ಪಾಲೂ ಇದೆ ಎಂದಾಯಿತು. ಟಿವಿ, ಮೊಬೈಲ್ ನೋಡುತ್ತ ಉಂಡವರು ಆ ಹೊತ್ತಿನಲ್ಲೂ ಆಮೇಲೂ ಹೆಚ್ಚು ತಿನ್ನುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ‘ಇವತ್ತು ಮೂರು ರೊಟ್ಟಿ’ ಎಂದು ಎಣಿಸಿಟ್ಟುಕೊಂಡವನ ತಲೆಯಲ್ಲಿ ಆ ನೆನಪಿಗೆ ಒಂದು ಹಿಡಿಕೆ ಇರುತ್ತದೆ.

ಎಣಿಸಿ ಉಣ್ಣುವ ಮಾತು ಕೊಪ್ಪಳಕ್ಕೆ ಹೊಸತೇನಲ್ಲ. ಊರ ಪಕ್ಕದ ಪಾಲ್ಕಿಗುಂಡು ಬೆಟ್ಟ ಹತ್ತಿದರೆ ಅಶೋಕನ ಶಾಸನವಿದೆ. ಅಲ್ಲಿಯೇ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೊರೆದ ಬಂಡೆಯಿದೆ, ಚಾವಯ್ಯ ಎಂಬವನು ಅದನ್ನು ಮಾಡಿಸಿದನೆಂಬ ಹಳಗನ್ನಡ ಬರಹವಿದೆ. ಆಗಿನ ಕೊಪಣ ಜೈನರಿಗೆ ಮಹಾತೀರ್ಥ. ಬದುಕಿನ ಕೊನೆಯಲ್ಲಿ ಅನ್ನ ನೀರು ಬಿಟ್ಟು ದೇಹ ತೊರೆದವರ ನೆನಪಿನ ನಿಸಿಧಿಗಳು ಈ ನೆಲದಲ್ಲಿವೆ. ಜೈನ ಮುನಿಗಳ ತಪಸ್ಸಿನಲ್ಲಿ ಉಪವಾಸಕ್ಕೆ ಬೇರೆ ಜಾಗ, ‘ಅವಮೌದರ್ಯ’ಕ್ಕೆ ಬೇರೆ ಜಾಗ. ಅವಮೌದರ್ಯ ಎಂದರೆ ಹೊಟ್ಟೆ ತುಂಬುವುದಕ್ಕೆ ಮೊದಲೇ ಕೈ ತೊಳೆಯುವುದು. ಅದಕ್ಕೆ ಅವರು ಲೆಕ್ಕ ಇಟ್ಟಿದ್ದರು: ಗಂಡಸಿನ ತುಂಬು ಊಟ 32 ತುತ್ತು, ಹೆಂಗಸಿನದು 28. ಅದರಲ್ಲಿ ಒಂದೇ ಒಂದು ತುತ್ತು ಬಿಟ್ಟರೂ ತಪಸ್ಸು. ನನ್ನನ್ನು ತಟ್ಟಿದ್ದು ಈ ಒಂದು ತುತ್ತು. ಇಡೀ ಊಟ ಬಿಡುವುದು ಒಂದು ಹಠ, ಕೊನೆಯ ತುತ್ತಿನ ಹಿಂದೆ ನಿಲ್ಲುವುದಕ್ಕೆ ಇಡೀ ಊಟದುದ್ದಕ್ಕೂ ಗಮನ ಬೇಕು. ಆಯುರ್ವೇದದಲ್ಲಿ ವಾಗ್ಭಟನ ‘ಅಷ್ಟಾಂಗಹೃದಯ’ವೂ ಹೊಟ್ಟೆಯ ಅರ್ಧ ಭಾಗ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಗಾಳಿಗೆಂದು ಖಾಲಿ ಬಿಡಲು ಹೇಳುತ್ತದೆ.

ಅದೇ ಕೊಪ್ಪಳದ ಗವಿಮಠದಲ್ಲಿ ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರ ಜಾತ್ರೆ. ಅದರ ಮಹಾದಾಸೋಹಕ್ಕೆ ವಾರಗಟ್ಟಲೆ ಮೊದಲೇ ಊರೂರಲ್ಲಿ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯಲು ಕೂರುತ್ತಾರೆ. ಬಡಿದು, ಸುಟ್ಟು, ಒಣಗಿಸಿ, ಬುಟ್ಟಿಯಲ್ಲಿ ಪೇರಿಸಿ, ಟ್ರ್ಯಾಕ್ಟರು ಬಂಡಿಗಳಲ್ಲಿ ಭಜನೆ ಮಾಡುತ್ತ ತರುತ್ತಾರೆ. ಲಕ್ಷಾಂತರ ರೊಟ್ಟಿ, ಸಿಹಿ ಮಾದಲಿ, ಕಾಳು, ತರಕಾರಿ. ಯಾವ ಊರಿಂದ ಎಷ್ಟು ರೊಟ್ಟಿ ಎಂಬುದು ಆ ಊರಿನ ಹೆಮ್ಮೆ. ನಾನು ಪ್ರತಿ ವರ್ಷ ಹೋಗುತ್ತೇನೆ. ಬಂದವರಿಗೆ ಇಷ್ಟೇ ಎಂಬ ಮಿತಿ ಇಲ್ಲ, ಜಾತಿ ಕೇಳುವುದಿಲ್ಲ. ಸಾಲಿನಲ್ಲಿ ಕೂತ ಕೂಡಲೇ ರೊಟ್ಟಿ ಬೀಳುತ್ತದೆ, ಪಲ್ಯ ಬೀಳುತ್ತದೆ, ಮಾದಲಿ ಬೀಳುತ್ತದೆ. ಮಿರ್ಚಿ ಇದ್ದ ದಿನವಂತೂ ಎಣ್ಣೆಯ ಘಮ ದೂರದಿಂದಲೇ ಕರೆಯುತ್ತದೆ.

ಹೋದ ಸಲ ನನ್ನ ಎದುರು ಸಾಲಿನಲ್ಲಿ ಕುಷ್ಟಗಿ ಕಡೆಯ ಒಬ್ಬ ಅಜ್ಜ ಕೂತಿದ್ದರು. ಎರಡು ರೊಟ್ಟಿ ಮುರಿದು ಕಾಳಿನ ಪಲ್ಯದಲ್ಲಿ ಉಂಡು, ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕ್ರೀ ತಮ್ಮಾ, ಹೊಟ್ಟಿ ತುಂಬೈತಿ’ ಅಂದರು. ಮಾದಲಿಯ ಬುಟ್ಟಿ ಬಂದಾಗ ಅದೇ ಅಂಗೈ ತಾನಾಗಿ ಸರಿಯಿತು. ಅದರ ಮೇಲೆ ಹಾಲು ಹಾಕಿಸಿಕೊಂಡು ಕಲಸಿ ತೃಪ್ತಿಯಿಂದ ಉಂಡರು. ಅಜ್ಜ ಸುಳ್ಳು ಹೇಳಿರಲಿಲ್ಲ. ಖಾರ, ಉಪ್ಪಿನ ರುಚಿಗೆ ಅವರ ಹೊಟ್ಟೆ ನಿಜವಾಗಿಯೂ ತುಂಬಿತ್ತು, ಸಿಹಿಗೆ ತುಂಬಿರಲಿಲ್ಲ. ಒಂದು ರುಚಿ ಸಾಕೆನಿಸಿದ ಮೇಲೂ ಬೇರೆ ರುಚಿಗೆ ಬಾಯಿ ತೆರೆಯುವ ಈ ಗುಣವನ್ನು 1980ರ ದಶಕದ ಆರಂಭದಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಪ್ರಯೋಗಗಳಲ್ಲಿ ತೋರಿಸಿದರು. ಒಂದೇ ಗುಡ್ಡದ ಗೆಡ್ಡೆಗೋ ಗೆಣಸಿಗೋ ಅಂಟಿಕೊಳ್ಳದೆ ನಾನಾ ಬಗೆ ತಿನ್ನಲು ಪ್ರಕೃತಿ ಕೊಟ್ಟ ಪ್ರೇರಣೆ ಇದು. ಇನ್ನೊಂದು ಸಂಗತಿ: ಒಬ್ಬರೇ ಉಂಡಾಗಿನದಕ್ಕಿಂತ ನಾಲ್ಕು ಜನರ ಜೊತೆ ಉಂಡಾಗ ನಾವು ಹೆಚ್ಚು ಉಣ್ಣುತ್ತೇವೆ. ಸಂಶೋಧಕ ಜಾನ್ ಡಿ ಕ್ಯಾಸ್ಟ್ರೊ ಜನರಿಂದ ಊಟದ ದಿನಚರಿ ಬರೆಸಿ ಲೆಕ್ಕ ಹಾಕಿದಾಗ ಜೊತೆಯೂಟ ಶೇ 40ಕ್ಕೂ ಹೆಚ್ಚು ದೊಡ್ಡದಿತ್ತು.

ವರ್ಷಕ್ಕೊಮ್ಮೆ ಹೀಗೆ ಉಣ್ಣುವುದರಿಂದ ಯಾರಿಗೂ ಕೇಡಿಲ್ಲ. ದಾಸೋಹದಲ್ಲಿ ಎರಡು ತುತ್ತು ಹೆಚ್ಚು ಉಂಡದ್ದನ್ನು ಕ್ಯಾಲರಿಯಲ್ಲಿ ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಊರಿನ ಹೆಣ್ಣುಮಕ್ಕಳು ಬಡಿದ ರೊಟ್ಟಿಯನ್ನು ಗುರುತಿಲ್ಲದವನು ಉಂಡು ಎದ್ದಾಗ ಆಗುವ ತೃಪ್ತಿ ಎರಡೂ ಕಡೆಯದು. ಕೇಡು ಇರುವುದು ಜಾತ್ರೆಯ ಊಟ ದಿನದ ಊಟವಾದಾಗ: ಬೆಳಿಗ್ಗೆ ಹೋಟೆಲಿನ ಮಂಡಕ್ಕಿ ಒಗ್ಗರಣೆಯ ಜತೆ ನಾಲ್ಕು ಮಿರ್ಚಿ, ಮಧ್ಯಾಹ್ನ ಗುಡ್ಡೆ ಅನ್ನ, ಸಂಜೆ ಚಹಾದ ಜತೆ ಮತ್ತೆ ಮಿರ್ಚಿ. ದಿನವಿಡೀ ಹೊಲದಲ್ಲಿ ದುಡಿಯುವವನ ದೇಹಕ್ಕೆ ಅದು ಹೊರೆಯಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ, ಕಚೇರಿಯ ಕುರ್ಚಿಯಲ್ಲಿ, ಟ್ರ್ಯಾಕ್ಟರಿನ ಸೀಟಿನಲ್ಲಿ ದಿನ ಕಳೆಯುವವನಿಗೆ ಹೊರೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಹೈದರಾಬಾದಿನ ಅದೇ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಊಟದ ಮಾರ್ಗಸೂಚಿ ತಾಟಿನ ಅರ್ಧದಷ್ಟು ತರಕಾರಿ, ಹಣ್ಣು ಇರಲಿ ಎನ್ನುತ್ತದೆ. ಅನ್ನ ಬಿಡಬೇಕೆಂದು ನಾನು ಯಾರಿಗೂ ಹೇಳಲಾರೆ, ಗಂಗಾವತಿಯಲ್ಲಿ ಕೂತು ಹೇಳುವುದಂತೂ ಆಗದು. ನಾನು ಮಾಡಿದ್ದು ಇಷ್ಟು: ಅನ್ನಕ್ಕೂ ಒಂದು ಎಣಿಕೆ ಕೊಟ್ಟೆ. ಮನೆಯಲ್ಲಿ ಒಂದು ಸ್ಟೀಲಿನ ಬಟ್ಟಲಿದೆ, ಅದರ ತುಂಬ ಒಂದು ಸಲ, ಬೇಕಾದರೆ ಅರ್ಧ. ಮೊದಲು ಪಲ್ಯ, ಹಸಿ ಸವತೆಕಾಯಿ, ಕಾಳು. ಆಮೇಲೆ ಬಟ್ಟಲಿನ ಅನ್ನ. ಒಂದು ತಿಂಗಳು ಕಷ್ಟವಾಯಿತು, ಆಮೇಲೆ ಅಷ್ಟಕ್ಕೇ ‘ಸಾಕು’ ಬರತೊಡಗಿತು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಶೇ 30ರಷ್ಟು ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಈ ಗಾಯ ಇನ್ನೂ ಆಳ. ಒಂದೇ ಓಣಿಯಲ್ಲಿ ಒಬ್ಬರ ಹೊಟ್ಟೆ ‘ಸಾಕು’ ಎನ್ನಲು ಮರೆತಿದೆ, ಇನ್ನೊಬ್ಬರದು ಬಹಳ ಬೇಗ ಎನ್ನುತ್ತಿದೆ.

ಬೇಗ ಎನ್ನುವುದು ಮಗುವಿನದು. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ನಮ್ಮವರು ಹೇಳುತ್ತಾರಲ್ಲ, ಅದು ಅಕ್ಷರಶಃ ನಿಜವಾಗುವುದು ಇಲ್ಲಿ. ಹತ್ತು ತಿಂಗಳ ಕೂಸಿನ ಜಠರ ಒಂದು ಸಣ್ಣ ಬಟ್ಟಲಿನಷ್ಟು. ನೀರಾದ ಅಂಬಲಿ, ತಿಳಿಸಾರು ಕಲಸಿದ ಅನ್ನ ಸ್ವಲ್ಪ ಹೋಗುವಷ್ಟರಲ್ಲಿ ಅದು ತುಂಬಿ ಹಿಗ್ಗುತ್ತದೆ, ನರ ತನ್ನ ಸುದ್ದಿ ಮುಟ್ಟಿಸುತ್ತದೆ, ಕೂಸು ಮುಖ ತಿರುಗಿಸುತ್ತದೆ. ‘ಉಂಡಾನ, ಹೊಟ್ಟಿ ತುಂಬೈತಿ’ ಎಂದು ತಾಯಿ ಬಟ್ಟಲು ಸರಿಸುತ್ತಾಳೆ. ತುಂಬಿದ್ದು ನೀರು. ದೊಡ್ಡವರಿಗೆ ಒಳ್ಳೆಯದಾದ ಉಪಾಯವೇ, ಅಂದರೆ ನೀರು, ನಾರು, ಗಾತ್ರ ಹೆಚ್ಚು, ಕ್ಯಾಲರಿ ಕಡಿಮೆ ಎಂಬುದೇ, ಮಗುವಿಗೆ ಮುಳುವಾಗುತ್ತದೆ. ಅದಕ್ಕೆ ಬೇಕಾದ್ದು ಚಮಚೆಯಿಂದ ಜಾರಿ ಬೀಳದಷ್ಟು ಗಟ್ಟಿ ಬೇಳೆಯನ್ನ, ಅದರ ಮೇಲೆ ಒಂದು ಚಮಚೆ ತುಪ್ಪ ಅಥವಾ ಶೇಂಗಾ ಎಣ್ಣೆ, ಅದೂ ಮತ್ತೆ ಮತ್ತೆ. ಎದೆಹಾಲು ಕುಡಿಯುವ ಒಂಬತ್ತು ತಿಂಗಳ ಮೇಲಿನ ಮಕ್ಕಳಿಗೆ ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಸಣ್ಣ ಹೊಟ್ಟೆಯ ಕಾರಣಕ್ಕೇ. ಹೊಲಕ್ಕೆ ಹೋದ ತಾಯಿಗೆ ಆ ನಾಲ್ಕು ಸಲ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ತಾಯಿಯ ಬಳಿ ಇರುವುದಿಲ್ಲ, ಅಂಗನವಾಡಿಯ ಬಳಿ ಇರಬೇಕು. ಆ ಖಾಲಿ ಹೊತ್ತನ್ನು ಈಗ ತುಂಬುತ್ತಿರುವುದು ಓಣಿಯ ಅಂಗಡಿಯಲ್ಲಿ ತೂಗುಬಿಟ್ಟ ಐದು ರೂಪಾಯಿಯ ಕುರುಕಲು ಪಾಕೀಟು. ಮಗು ಅಳುವುದನ್ನು ನಿಲ್ಲಿಸುತ್ತದೆ, ಮಧ್ಯಾಹ್ನದ ಹಸಿವೆಯೂ ಸಾಯುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಾರ್ಬರಾ ರೋಲ್ಸ್ ಮತ್ತು ಲಿಯಾನ್ ಬರ್ಚ್ 2000ದಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು. ಮೂರು ವರ್ಷದ ಮಕ್ಕಳ ಮುಂದೆ ದೊಡ್ಡ ಪಾಲು ಇಟ್ಟರೂ ಅವು ತಮ್ಮ ಹೊಟ್ಟೆಗೆ ತಕ್ಕಷ್ಟೇ ತಿಂದವು. ಐದು ವರ್ಷದ ಮಕ್ಕಳು ದೊಡ್ಡ ಪಾಲಿಗೆ ಹೆಚ್ಚು ತಿಂದವು. ಈ ಎರಡು ವರ್ಷಗಳ ನಡುವೆ ಎಲ್ಲೋ ಮಗು ಒಳಗಿನ ದನಿ ಬಿಟ್ಟು ತಾಟನ್ನು ನೋಡಿ ತಿನ್ನಲು ಕಲಿಯುತ್ತದೆ. ‘ತಾಟು ಖಾಲಿ ಆಗೋಮಟ ಏಳಬ್ಯಾಡ’ ಎಂದು ನಾವು ಗದರುವುದೂ ಅದೇ ವಯಸ್ಸಿನಲ್ಲಿ. ಅನ್ನ ಚೆಲ್ಲಬಾರದೆಂಬುದು ಒಳ್ಳೆಯ ಸಂಸ್ಕಾರವೇ, ಆದರೆ ಕಡಿಮೆ ನೀಡಿ, ಕೇಳಿದಾಗ ಮತ್ತೆ ನೀಡಿದರೂ ಅದು ಉಳಿಯುತ್ತದೆ.

ಶಾಲೆಯ ಬಿಸಿಯೂಟಕ್ಕೆ ಸರ್ಕಾರದ ಲೆಕ್ಕ ಗ್ರಾಂನಲ್ಲಿದೆ. 2002ರಲ್ಲಿ ಅಕ್ಷರ ದಾಸೋಹ ಎಂಬ ಈ ಯೋಜನೆ ಮೊದಲು ಶುರುವಾದದ್ದೇ ಈ ಈಶಾನ್ಯ ಜಿಲ್ಲೆಗಳಲ್ಲಿ. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನು ಸಿಗಬೇಕು. ಅದರ ಮೇಲಿನ ತರಗತಿಗಳಿಗೆ 150 ಗ್ರಾಂ ಧಾನ್ಯ, 700 ಕ್ಯಾಲರಿ, 20 ಗ್ರಾಂ ಪ್ರೋಟೀನು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಹುಡುಗ ಅನ್ನ ಎರಡು ಸಲ ಹಾಕಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳಬಹುದು, ಪ್ರೋಟೀನನ್ನು ಹಾಗೆ ತುಂಬಿಸಿಕೊಳ್ಳಲಾರ. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕು ಎಂದು ಗಟ್ಟಿಯಾಗಿ ಹೇಳಿದ್ದನ್ನು ರಾಜ್ಯವೆಲ್ಲ ಕೇಳಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಸಣ್ಣ ಮಗುವಿನ ಆ 12 ಗ್ರಾಂ ಲೆಕ್ಕಕ್ಕೆ ಅದನ್ನು ಹಿಡಿದು ನೋಡಿದರೆ ಅರ್ಧ ಊಟದಷ್ಟಾಯಿತು, ಅದೂ ಅಂಗೈಯಲ್ಲಿ ಹಿಡಿಸುವ ಗಾತ್ರದಲ್ಲಿ. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಮುಂದೆ ಮೊಟ್ಟೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ಎಣಿಸಿ ಕೊಡುವ ಪದಾರ್ಥ ಎಂಬುದೂ ಸಣ್ಣ ಮಾತಲ್ಲ. ಸಾರು ತೆಳುವಾದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ, ಮೊಟ್ಟೆ ಬಂತೋ ಇಲ್ಲವೋ ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತಾಗುತ್ತದೆ.

ಎಣಿಕೆಯ ಮಾತಾಡುವಾಗ ಎಣಿಸುವವಳನ್ನು ಮರೆಯಲಾಗದು. ದೊಡ್ಡವ್ವನಿಗೆ ಮನೆಯ ಪ್ರತಿಯೊಬ್ಬರ ಲೆಕ್ಕ ಬಾಯಿಪಾಠ: ದೊಡ್ಡಪ್ಪನಿಗೆ ನಾಲ್ಕು, ದೊಡ್ಡ ಮಗನಿಗೆ ಮೂರು, ಆಳುಮಗನಿಗೆ ಐದು, ಮಕ್ಕಳಿಗೆ ಒಂದೊಂದು. ಹಿಟ್ಟು ನಾದುವಾಗಲೇ ಕೈ ಆ ಲೆಕ್ಕ ಹಿಡಿದಿರುತ್ತದೆ. ಎಲ್ಲರೂ ಉಂಡು ಎದ್ದ ಮೇಲೆ ಆಕೆ ಒಲೆ ಆರಿಸಿ, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ತೆಗೆದುಕೊಂಡು ಕೂರುತ್ತಾಳೆ. ಬೀಗರು ಬಂದ ದಿನ ಉಳಿಯುವುದು ಒಂದು, ಅದೂ ಅಂಚು ಕರಕಾದದ್ದು. ಪಲ್ಯದ ಪಾತ್ರೆಯ ತಳವನ್ನು ಆ ರೊಟ್ಟಿಯಿಂದಲೇ ಒರೆಸುತ್ತಾಳೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಓದಿದಾಗ ನನಗೆ ಕಂಡದ್ದು ಆ ಬುಟ್ಟಿಯ ತಳ.

ಈ ಸಲ ಊರಿಗೆ ಹೋದಾಗ ಬೇಕೆಂದೇ ಕೊನೆಯವರೆಗೂ ಒಲೆಯ ಹತ್ತಿರ ಕೂತಿದ್ದೆ. ಆಕೆ ತಾಟು ತೊಳೆಯಲು ಎದ್ದಾಗ ಕೇಳಿದೆ: ‘ನೀ ಎಷ್ಟು ರೊಟ್ಟಿ ಉಂಡಿ, ದೊಡ್ಡವ್ವ?’

ಬೆನ್ನು ತಿರುಗಿಸಿಕೊಂಡೇ ಅಂದಳು: ‘ಉಂಡೆ ಬಿಡು.’